ಏಳೂವರೆಯ ಅಜ್ಜಯ್ಯ

ಆಗಸ್ಟ್ 31, ಶನಿವಾರ

ಸೋಣ ತಿಂಗಳ ಶನಿವಾರ, ಒಪ್ಪತ್ತು. ಬೆಳಿಗ್ಗೆ ಎದ್ದು ಅಂಗಳ ಗುಡಿಸಿ, ಹೊಸ್ತಿಲಿಗೆ ಹೂವಿಟ್ಟು, ಬಾವಿಯಿಂದ ನೀರು ಸೇದಿ ಹಂಡೆ ತುಂಬಿಸಿ, ಇವರಿಗೆ ಗಂಜಿ ಉಣ್ಣಿಸಿದೆ. ಬೆಳಗಿನ ಮಾತ್ರೆ ಎರಡೂ ಆಯ್ತು.

ವ್ಯಾಯಾಮ ಕಲಿಸುವ ಡಾಕ್ಟ್ರು "ಎಂತ ತಿಂದ್ರು, ಕೈ ಎಷ್ಟು ಎತ್ತಿದ್ರು, ದಿನಾ ಬರೆದಿಡಿ ಅಮ್ಮ" ಎಂದಿದ್ದಾರೆ. ಮೀನುಗಾರರ ಸೊಸೈಟಿಯವರು ಕೊಟ್ಟ ಡೈರಿ ಖಾಲಿ ಬಿದ್ದಿತ್ತು, ಅದರಲ್ಲೇ ಶುರು ಮಾಡಿದೆ. ಏಳನೇ ಕ್ಲಾಸಿನ ಅಕ್ಷರ ನನ್ನದು. ಯಾರಿಗೂ ಓದಿಸುವುದಕ್ಕಲ್ಲ, ತೊಂದರೆ ಇಲ್ಲ.

ಬಲಗೈ: ಇಲ್ಲ. ಬಲಗಾಲು: ಸ್ವಲ್ಪ. ಮಾತು: "ನೀರ್", "ಸಾಕ್", "ಹೆಣೆ". ಹೆಣೆ ಎಂದರೆ ನಾನು.

ಆಟಿ ತಿಂಗಳಲ್ಲಿ ಇವರು ಬಚ್ಚಲಲ್ಲಿ ಬಿದ್ದದ್ದು, ಲಕ್ವ. ಆಸ್ಪತ್ರೆಯಲ್ಲಿ ಚೀಟಿ ಬರೆಯುವವಳು "ಪೇಷಂಟ್ ಹೆಸರೆಂತ?" ಎಂದು ಕೇಳಿದಳು. ನನಗೆ ಬಾಯಿ ಬರಲಿಲ್ಲ. ಮದುವೆಯಾಗಿ ಮೂವತ್ತು ವರ್ಷ, ಗಂಡನ ಹೆಸರು ಒಂದು ಸಲ ಹೇಳಿದವಳಲ್ಲ. ಹೇಳಿದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆ ಎಂದು ಅಮ್ಮ ಹೇಳಿಕೊಟ್ಟದ್ದು. ಬೇರೆ ದಿನ ಹೇಳದವಳು ಆ ದಿನ ಹೇಗೆ ಹೇಳಲಿ? ಅಣ್ಣನ ಮಗಳು ಶರಣ್ಯಾ ತಾನು ಕಲಿಸುವ ಕೋಟದ ಶಾಲೆಯಿಂದ ಓಡಿ ಬಂದಳು, ಅವಳೇ ಹೇಳಿದಳು. ಅಲ್ಲಿವರೆಗೆ ಚೀಟಿ ಖಾಲಿ.

ಸೆಪ್ಟೆಂಬರ್ 12, ಗುರುವಾರ

ಅಕ್ಷಯ್ ಫೋನ್ ಮಾಡಿದ್ದ. ಬ್ರಹ್ಮಾವರದ ಹತ್ತಿರ ಒಂದು ದೊಡ್ಡ ಹಳೆ ಮನೆಯಲ್ಲಿ ಏಳೂವರೆಯ ಧಾರಾವಾಹಿ ತೆಗೆಯುತ್ತಾರಲ್ಲ, ಅಲ್ಲಿಯ ಮ್ಯಾನೇಜರ್ ಅವನು. ಇವರು ಅದರಲ್ಲಿ ಮನೆಯ ಅಜ್ಜಯ್ಯ. ಎರಡು ವರ್ಷ ಈಸಿಚೇರಿನಲ್ಲಿ ಕೂತು "ಮಗಾ, ದೇವ್ರ ಮೇಲೆ ಭಾರ ಹಾಕು" ಎಂದು ಹೇಳಿದ್ದಾರೆ.

"ಅಮ್ಮಾ, ಇನ್ನೆಷ್ಟು ದಿನ ಆಗ್ಬಹುದು? ಅಜ್ಜಯ್ಯ ಕಾಶಿಗೆ ಹೋಗಿದಾರೆ ಅಂತ ಕಥೆ ಎಳೀತಾ ಇದ್ದೀವಿ" ಎಂದ.

ದೇವರು ಕೊಟ್ಟಷ್ಟು ದಿನ ಎಂದೆ. ಪಾಪ, ಒಳ್ಳೆಯ ಹುಡುಗ. ಇವರದೊಂದು ಚಂದದ ಫೋಟೋ ಇದ್ದರೆ ಬೇಕು ಎಂದ. ಶರಣ್ಯಾ ತನ್ನ ಮೊಬೈಲಿನಿಂದ ಕಳಿಸಿದಳು.

ಗಂಜಿ, ಬೇಯಿಸಿದ ಬಾಳೆಕಾಯಿ. ಕೈ ಇಲ್ಲ.

ಸೆಪ್ಟೆಂಬರ್ 21, ಶನಿವಾರ

ಒಪ್ಪತ್ತು. ಸಂಜೆ ಹೊಟ್ಟೆ ಖಾಲಿ ಇದ್ದಾಗ ಹಳೆಯದೆಲ್ಲ ನೆನಪಾಗುತ್ತದೆ.

ಬೈಂದೂರಿನ ಶಾಲೆಯ ಮೈದಾನದಲ್ಲಿ ನಾಟಕ. ನನಗೆ ಹತ್ತೊಂಬತ್ತು. ಮಳೆ ಬಂದು ಅರ್ಧ ಜನ ಎದ್ದುಹೋಗಿದ್ದರು. ಖಾಕಿ ಅಂಗಿಯ ಪೋಸ್ಟಿನವನೊಬ್ಬ ಬಂದ. "ಅಮ್ಮಾ, ಪೋಸ್ಟ್" ಎಂದ. ನಾಯಕಿ ಕಾಗದ ಒಡೆದು ಗೋಳೋ ಎಂದು ಅತ್ತಳು, ಎಲ್ಲರೂ ಅವಳನ್ನೇ ನೋಡಿದರು. ನಾನು ಪೋಸ್ಟಿನವನನ್ನು ನೋಡಿದೆ. ಅವನು ಹೋಗದೆ ಬಾಗಿಲಲ್ಲೇ ನಿಂತಿದ್ದ. ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿ, ಅವಳು ಅಳು ನಿಲ್ಲಿಸುವವರೆಗೆ ಕಾದು, "ಉತ್ತರ ಬರೆದ್ರೆ ಕೊಡಿ, ನಾಳೆ ಬಂದು ತಗಂಡ್ ಹೋಗ್ತೆ" ಎಂದ. ಆ ಮಾತು ಪುಸ್ತಕದಲ್ಲಿ ಇರಲಿಲ್ಲವಂತೆ. ಮೇಸ್ಟ್ರು ಆಮೇಲೆ ಬೈದರಂತೆ. ಅದನ್ನೆಲ್ಲ ಮದುವೆಯ ಮೇಲೆ ಇವರು ಹೇಳಿದರು.

ಬಲೆ ಹೆಣೆಯುವ ಕೆಲಸ ಬಿಟ್ಟು ಮುಂಬೈಗೆ ಹೋದರು. ಅಲ್ಲಿ ಹಗಲು ಕ್ಯಾಂಟೀನು, ರಜೆಯಲ್ಲಿ ಕನ್ನಡ ಸಂಘದ ನಾಟಕ. ಮತ್ತೆ ಬೆಂಗಳೂರು, ಸಿನಿಮಾ. ಪೊಲೀಸು, ಪೂಜಾರಿ, ಹೆಣ್ಣಿನ ಅಪ್ಪ, ಆಪರೇಷನ್ ಕೋಣೆಯಿಂದ ಹೊರಗೆ ಬಂದು ತಲೆ ಅಲ್ಲಾಡಿಸುವ ಡಾಕ್ಟರು. ಕೂದಲು ಬೇಗ ಬೆಳ್ಳಗಾಯಿತು, ನಲವತ್ತಕ್ಕೇ ಅಜ್ಜನ ಪಾತ್ರ. ಟೈಟಲಿನಲ್ಲಿ ಒಂದು ಸಲವೂ ಹೆಸರು ಬರಲಿಲ್ಲ. "ಮತ್ತು ಇತರರು" ಎಂದು ಬರುತ್ತದಲ್ಲ, ಅದು ಬಂದಾಗ ಇವರು ನನ್ನ ಮೊಣಕೈ ತಟ್ಟಿ "ಕಂಡ್ಯಾ, ನನ್ ಹೆಸ್ರ್ ಬಂತ್" ಎನ್ನುವರು. ನನಗೆ ನಗು. ನಾನೂ ಹೇಳುವುದಿಲ್ಲ, ಅವರೂ ಹಾಕುವುದಿಲ್ಲ.

ಒಂದು ಸಿನಿಮಾದಲ್ಲಿ ಇವರನ್ನು ಗೂಂಡಾಗಳು ಹೊಡೆದರು. ಕುಂದಾಪುರದ ಟಾಕೀಸಿನಲ್ಲಿ ಅತ್ತೆ ಎದ್ದು ನಿಂತು "ಹ್ವಾಯ್! ಮಗನ್ ಬಿಡ್ತ್ರ್ಯಾ ಇಲ್ಯಾ!" ಎಂದು ಕೂಗಿದರು. ಮಗ ಪಕ್ಕದ ಕುರ್ಚಿಯಲ್ಲೇ ಕೂತು ಕಡ್ಲೆ ತಿನ್ನುತ್ತಿದ್ದ.

ಸಿನಿಮಾದಲ್ಲಿ ಹನ್ನೊಂದು ಸಲ ಸತ್ತಿದ್ದಾರೆ. ಪ್ರತಿ ಸಲ ಮನೆಗೆ ಬಂದ ಮೇಲೆ ನಾನು ಉಪ್ಪು ಮೆಣಸು ನೀವಾಳಿಸಿ ಒಲೆಗೆ ಹಾಕಿದ್ದೇನೆ.

ಅಕ್ಟೋಬರ್ 7, ಸೋಮವಾರ

ನವರಾತ್ರಿಯ ಐದನೇ ದಿನ. ದೇವಸ್ಥಾನದಲ್ಲಿ ಹೂವಿನ ಪೂಜೆ ಕೊಟ್ಟು, ಕುಂಕುಮ ಇಟ್ಟುಕೊಂಡು ಬಂದು ಕೂತಿದ್ದೆ.

ಏಳೂವರೆಗೆ ಧಾರಾವಾಹಿ ಹಾಕಿದೆ. ಅದರಲ್ಲಿ ಆ ಮನೆಯ ಸೊಸೆ ಚಾವಡಿಯಲ್ಲಿ ದೀಪ ಹಚ್ಚಿದಳು. ತಲೆಯೆತ್ತಿ ಕೈಮುಗಿದಳು. ಗೋಡೆಯ ಮೇಲೆ ಇವರ ಪಟ, ಪಟಕ್ಕೆ ಹಾರ, ಮುಂದೆ ಊದುಬತ್ತಿ. ಕಾಶಿಯಲ್ಲೇ ತೀರಿಕೊಂಡರಂತೆ.

ಎದ್ದು ಟಿ.ವಿ. ಬಂದ್ ಮಾಡಿದೆ. ಕರಿಮಣಿ ಎತ್ತಿ ಕಣ್ಣಿಗೆ ಒತ್ತಿಕೊಂಡೆ. ಸಾಯುವ ಪಾತ್ರ ಬೇರೆ. ಸತ್ತವರು ಎದ್ದು ಬಣ್ಣ ಒರೆಸಿ ಚಾ ಕುಡಿಯುತ್ತಾರೆ, ಅಲ್ಲಿಗೆ ಮುಗಿಯಿತು. ಹಾರ ಹಾಕಿದ ಪಟ ಇಳಿಯುವುದಿಲ್ಲ. ದಿನಾ ಅಲ್ಲೇ ಇರುತ್ತದೆ.

ಇವರು "ಹಾಕ್, ಹಾಕ್" ಎಂದು ಎಡಗೈಯಲ್ಲಿ ಮಂಚ ಬಡಿದರು. ಹಾಕಿದೆ. ಪಟ ಮತ್ತೊಮ್ಮೆ ಬಂತು. ಅರ್ಧ ಬಾಯಿಯಲ್ಲಿ ನಕ್ಕರು.

"ಡೈಲಾಗ್... ಇಲ್ಲೆ. ಆರಾಮ್."

"ನಗುದೆಂತಕೆ? ನನ್ ಹೊಟ್ಟಿ ಉರಿತಿತ್" ಎಂದೆ.

"ದೇವ್ರ್ ಪಟಕ್ಕೂ... ಹಾರ. ದೇವ್ರ್... ಸತ್ತಿದ್ನಾ?"

ಬಿಡ್ತು ಅನ್ನಿ ಎಂದು ಬೈದೆ. ಎರಡು ತಿಂಗಳಲ್ಲಿ ಇಷ್ಟು ಉದ್ದ ಮಾತಾಡಿದ್ದು ಇದೇ ಮೊದಲು, ಅದೂ ಕೆಟ್ಟ ಮಾತು.

ಅಕ್ಟೋಬರ್ 8, ಮಂಗಳವಾರ

ಬೆಳಿಗ್ಗೆ ಆರಕ್ಕೇ ಸುಂದರಿ ಮೀನಿನ ಬುಟ್ಟಿ ತಲೆಯ ಮೇಲೆ ಇಟ್ಟುಕೊಂಡೇ ಗೇಟಿನ ಹತ್ತಿರ ನಿಂತಿದ್ದಳು. ಒಳಗೆ ಬರಲಿಲ್ಲ. ಸೂತಕದ ಮನೆಯೋ, ಒಳಗೆ ಬಂದರೆ ಮಿಂದು ಹೋಗಬೇಕಾಗುತ್ತದೋ ಎಂದು ನೋಡುತ್ತಿದ್ದಳು.

"ಹ್ವಾಯ್ ಜಲ್ಜಕ್ಕ, ನಿಮ್ಮನೆಯವ್ರ್... ಇದ್ರಾ?"

"ಒಳ್ಗ್ ಚಾ ಕುಡಿತಿದ್ರ್. ಕಾಣ್ಕಾ?"

"ಅಯ್ಯಬ್ಬ, ನನ್ ಜೀವ ಬಂತ್ ಕಾಣಿ. ರಾತ್ರಿಯಿಂದ ನಾನ್ ಉಣ್ಲಿಲ್ಲ. ಅಷ್ಟ್ ಚಂದ ಹಾರ ಹಾಕಿರ್ ಮಾರಾಯ್ತಿ!"

ಚಂದ ಅಂತೆ. ಅವಳಿಗೆ ಬೈಯಲೂ ಆಗಲಿಲ್ಲ, ಎರಡು ಬಂಗುಡೆ ಪುಕ್ಕಟೆ ಇಟ್ಟು ಹೋದಳು. ಮಧ್ಯಾಹ್ನದವರೆಗೆ ಒಂಬತ್ತು ಫೋನು. ಗುಲ್ವಾಡಿಯಿಂದ ಇವರ ಅಕ್ಕ ಅಳುತ್ತಲೇ ಫೋನ್ ಮಾಡಿದರು.

ಅಕ್ಟೋಬರ್ 11, ಶುಕ್ರವಾರ

ಇವರ ಹತ್ತಿರ ಸುಂದರಿಯನ್ನು ಕೂರಿಸಿ, ದೇವಸ್ಥಾನಕ್ಕೆ ಹೋಗಿ ಬರುತ್ತೇನೆ ಎಂದು ಹೇಳಿ, ಶರಣ್ಯಾಳ ಜೊತೆ ಬ್ರಹ್ಮಾವರಕ್ಕೆ ಹೋದೆ. ಸುಳ್ಳು ಹೇಳಿದೆ. ಬರುವಾಗ ದೇವಸ್ಥಾನಕ್ಕೆ ಹೋಗಿಯೇ ಬಂದೆ.

ಅಲ್ಲಿ ಆಯುಧ ಪೂಜೆ. ಕ್ಯಾಮೆರಾಕ್ಕೆ ಹಾರ, ಲೈಟಿಗೆ ಹಾರ, ಜನರೇಟರಿಗೂ ಹಾರ. ಚಾವಡಿಯ ಗೋಡೆ ಮೇಲೆ ಇವರಿಗೂ ಹಾರ. ಹತ್ತಿರ ಹೋಗಿ ನೋಡಿದೆ, ಅದು ಪ್ಲಾಸ್ಟಿಕ್ಕಿನದು, ಧೂಳು ಹಿಡಿದಿತ್ತು. ಫೋಟೋ ನನ್ನ ಅಣ್ಣನ ಮನೆಯ ಮದುವೆಯಲ್ಲಿ ತೆಗೆದದ್ದು. ಪಕ್ಕದಲ್ಲಿ ನಿಂತ ನನ್ನನ್ನು ಕತ್ತರಿಸಿದ್ದರು. ಆದರೂ ಅಂಚಿನಲ್ಲಿ ನನ್ನ ಹಸಿರು ಬಳೆಯ ಕೈ ಒಂದಿಷ್ಟು ಉಳಿದಿತ್ತು.

ಅಕ್ಷಯ್‌ಗೆ ಹೇಳಿದೆ, "ಮಗಾ, ನನ್ನ ಗಂಡ ಬದುಕಿದ್ದಾರೆ. ನಾನು ಮುತ್ತೈದೆ. ಈ ಪಟ ತೆಗೆಸು."

"ಅಮ್ಮಾ, ಇದು ಕಥೆ."

"ಕಥೆ ಅಂತ ಊರಿಗೆ ಗೊತ್ತುಂಟಾ? ಮೊನ್ನೆ ಮೀನಿನವಳು ನನ್ನ ಮನೆಯ ಒಳಗೇ ಬರಲಿಲ್ಲ."

ಅವನು ಡೈರೆಕ್ಟರ ಹತ್ತಿರ ಮಾತಾಡಿ ಬಂದ. ತೆಗೆಯುತ್ತೇವೆ, ಆದರೆ ಈಗಾಗಲೇ ತೆಗೆದಿಟ್ಟ ಭಾಗ ತಿಂಗಳ ಕೊನೆಯವರೆಗೆ ಬರುತ್ತದೆ ಎಂದ. ಶರಣ್ಯಾ ಬಸ್ಸಿನಲ್ಲಿ "ಅತ್ತೆ, ಮಾವನ್ನ ಒಂದ್ ಮಾತ್ ಕೇಳ್ಕಿತ್ತ್" ಎಂದಳು. ಕೇಳುವುದೆಂತ? ಆಯುಷ್ಯದ ವಿಷಯ ನನ್ನದು.

ಅಕ್ಟೋಬರ್ 17, ಗುರುವಾರ

ಹೊಸ ಹಠ ಶುರುವಾಗಿದೆ. ಏಳು ಗಂಟೆಗೆ ಮುಖ ತೊಳೆಸಬೇಕು, ಇಸ್ತ್ರಿಯ ಅಂಗಿ ಹಾಕಿಸಬೇಕು, ತಲೆ ಬಾಚಬೇಕು. ಶೂಟಿಂಗಿಗೆ ಹೋಗುವವರ ಹಾಗೆ. ಮಂಚದಲ್ಲಿ ಬೇಡ, ಕುರ್ಚಿಯಲ್ಲೇ ಕೂರಬೇಕು. ಪಟ ಬಂದಾಗಲೆಲ್ಲ ಬೆರಳು ಮಡಚುತ್ತಾರೆ.

"ಇವತ್ತ್ ಮೂರ್ ಸಲ" ಎಂದರು. ಆಮೇಲೆ "ಲೈಟ್ ಸರಿ ಇಲ್ಲೆ. ಮುಖದ್ ಮೇಲ್ ಬೀಳ್ಳಿಲ್ಲ."

ಕಣ್ಣು ಮುಚ್ಚಿ ಕೂತಿದ್ದೆ ನಾನು. ತೆರೆದು ನೋಡಿದರೆ ಮಡಚಿದ್ದು ಬಲಗೈ ಬೆರಳು. ಡಾಕ್ಟರಿಗೆ ಹೇಳಬೇಕು, ಕೈಗೆ ತಿಕ್ಕುವ ಎಣ್ಣೆ ಒಳ್ಳೆಯದುಂಟು ಎಂದು.

ಅಕ್ಟೋಬರ್ 24, ಗುರುವಾರ

ಬಲಗೈಯಲ್ಲಿ ಲೋಟ ಹಿಡಿದರು! ಅರ್ಧ ಚೆಲ್ಲಿತು. ಶನಿವಾರದ ಉಪವಾಸ ವೆಂಕಟರಮಣ ಕಣ್ಣಿಗೆ ಹಾಕಿಕೊಂಡ. ಗೋಡೆ ಹಿಡಿದು ಬಾಗಿಲವರೆಗೆ ನಡೆದರು, ಅಲ್ಲಿ ಹೋಗುತ್ತಿದ್ದ ಸುಂದರಿಗೆ "ಕಂಡ್ಯಾ ನನ್ನ? ನಾಕ್ ಸಲ ತೋರ್ಸಿದ್ರ್ ನಿನ್ನೆ" ಎಂದರು. ಅವಳು "ನಿಮ್ದೇ ಕಾರ್ಬಾರ್ ಅಲ್ದಾ ಭಾವ, ಸತ್ತ್ ಮೇಲೂ ಕೆಲ್ಸ ಬಿಡ್ಲಿಲ್ಲ" ಎಂದು ನಕ್ಕಳು. ಇಬ್ಬರೂ ನಕ್ಕರು. ನನಗೆ ನಗು ಬರಲಿಲ್ಲ. ಪಟ ಇಳಿಯಲು ಇನ್ನು ನಾಲ್ಕೇ ದಿನ.

ಅಕ್ಟೋಬರ್ 29, ಮಂಗಳವಾರ

ಪಟ ಇಲ್ಲ. ಗೋಡೆಯಲ್ಲಿ ಒಂದು ಗಡಿಯಾರ ತೂಗುಹಾಕಿದ್ದಾರೆ. ದೇವರಿಗೆ ತುಪ್ಪದ ದೀಪ ಹಚ್ಚಿದೆ. ಮನಸ್ಸು ಹಗುರ.

ಇವರು ಕಡೆಯವರೆಗೆ ನೋಡಿದರು. "ಮರ್ತ್ರ್" ಎಂದರು. ಇಡಲು ಮರೆತಿದ್ದಾರೆ ಎಂದು. ನಾನು ಹೂಂ ಎಂದೆ.

ನವೆಂಬರ್ 1, ಶುಕ್ರವಾರ

ಹಬ್ಬ. ಎಣ್ಣೆ ಹಚ್ಚಿ ಮೀಯಿಸಿದೆ. ಏಳೂವರೆಗೆ ಅಂಗಿ ಹಾಕಿಸಿಕೊಂಡು ಕೂತರು. ಗಡಿಯಾರ.

ನವೆಂಬರ್ 9, ಶನಿವಾರ

ಒಪ್ಪತ್ತು. ಗಂಜಿ ಅರ್ಧ ಬಿಟ್ಟರು. ಕೈ ವ್ಯಾಯಾಮ ಬೇಡವಂತೆ. ಅಂಗಿ ಬದಲಿಸಲು ಹೋದರೆ ಗೋಡೆ ಕಡೆ ಮುಖ ಮಾಡಿದರು. ಗಡ್ಡ ಬೆಳೆದಿದೆ.

ಯಾರದ್ದೋ ಕಣ್ಣು ಬಿದ್ದಿರಬೇಕು. ಸುಂದರಿ ಅಂದು ಬಾಗಿಲಲ್ಲಿ ಅಷ್ಟು ನಕ್ಕಳಲ್ಲ. ಉಪ್ಪು ಮೆಣಸು ನೀವಾಳಿಸಿದೆ. ಘಾಟು ಬರಲಿಲ್ಲ, ಕಣ್ಣು ಬಿದ್ದದ್ದೇ ಸರಿ.

ನವೆಂಬರ್ 15, ಶುಕ್ರವಾರ

ಕೈ ಇಲ್ಲ. ಮಾತು ಇಲ್ಲ.

ನವೆಂಬರ್ 23, ಶನಿವಾರ

ಶರಣ್ಯಾ ಬಂದಿದ್ದಳು. ಮಂಚದ ಹತ್ತಿರ ಕೂತು "ಮಾವ, ಎಂತ ಆಯ್ತ್? ಏಳಿ ಕಾಂಬ, ಏಳೂವರಿ ಆಯ್ತಲೆ" ಎಂದಳು.

"ಬ್ಯಾಡ."

"ಎಂತಕೆ?"

"ತೆಗ್ದ್ರ್."

"ಯಾರ್ನ?"

"ನನ್ನ. ಕೆಲ್ಸದಿಂದ." ಆಮೇಲೆ "ನಲ್ವತ್ತ್ ವರ್ಷದಲ್ಲಿ... ಒಂದ್ ಸಲ ತೆಗಿಲಿಲ್ಲ. ಸತ್ತ ಮೇಲ್... ಎಂತ ತಪ್ಪ್ ಮಾಡ್ದೆ?"

ಶರಣ್ಯಾ ನನ್ನ ಕಡೆ ನೋಡಿದಳು. ನಾನು ಗಂಜಿ ತರುತ್ತೇನೆ ಎಂದು ಒಳಗೆ ಹೋದೆ. ಗಂಜಿ ಆಗಲೇ ಮಂಚದ ಹತ್ತಿರ ತಂದಿಟ್ಟಾಗಿತ್ತು. ಒಲೆಯ ಮುಂದೆ ನಿಂತೆ.

ಕ್ಯಾಮೆರಾಕ್ಕೆ ಹಾಕಿದ ಹಾರ ನೆನಪಾಯಿತು. ಇವರನ್ನು ಸಾಯಿಸಿದ್ದು ಅವರಲ್ಲ, ನಾನು.

ಡಿಸೆಂಬರ್ 2, ಸೋಮವಾರ

ಬೆಳಿಗ್ಗೆ ಗಡ್ಡ ತೆಗೆಯುವಾಗ ಹೇಳಿಬಿಟ್ಟೆ. ಬ್ರಹ್ಮಾವರಕ್ಕೆ ಹೋದದ್ದು ನಾನು, ತೆಗೆಸಿದ್ದು ನಾನು, ನೀವು ತಪ್ಪು ಮಾಡಲಿಲ್ಲ ಎಂದು. ಕತ್ತಿ ಗಲ್ಲದ ಮೇಲೆ ಇದ್ದ ಕಾರಣ ಇವರಿಗೆ ಅಲ್ಲಾಡಲಿಕ್ಕೆ ಆಗಲಿಲ್ಲ, ಅದಕ್ಕೇ ಆಗಲೇ ಹೇಳಿದೆ.

ಸಂಜೆವರೆಗೆ ನನ್ನ ಮುಖ ನೋಡಲಿಲ್ಲ. ಉಣ್ಣಿಸಿದರೆ ಉಂಡರು. ಬೈದಿದ್ದರೆ ಒಳ್ಳೆಯದಿತ್ತು.

ದೀಪ ಹಚ್ಚುವ ಹೊತ್ತಿಗೆ "ಹೆಣೆ" ಎಂದರು.

"ಹೇಳಿ."

"ಪಟದಲ್ಲ್... ನಿನ್ ಕೈ ಇತ್ತ್. ನಾ ಕಂಡಿದ್ದೆ."

ಇವರಿಗೆ ಮುಖಕ್ಕೆ ಲೈಟು ಬೀಳದ್ದು ಗೊತ್ತಾಗಿತ್ತು, ನನ್ನ ಬಳೆಯೂ ಗೊತ್ತಾಗಿತ್ತು. ನಾನು ಕಣ್ಣು ಮುಚ್ಚಿಕೊಂಡು ಕೂತಿದ್ದ ದಿನವೆಲ್ಲ ಇವರು ಇಬ್ಬರನ್ನೂ ನೋಡುತ್ತಿದ್ದರು.

ಡಿಸೆಂಬರ್ 5, ಗುರುವಾರ

ಶರಣ್ಯಾಳಿಂದ ಅಕ್ಷಯ್‌ಗೆ ಫೋನ್ ಮಾಡಿಸಿದೆ, ಪಟ ತಿರುಗಿ ಹಾಕಲು ಆಗುತ್ತದಾ ಎಂದು. ಡೈರೆಕ್ಟರಿಗೆ ಕೇಳಿ ಹೇಳುತ್ತಾನಂತೆ. ಧ್ವನಿಯಲ್ಲಿ ಬೇಸರ ಇತ್ತು ಎಂದಳು. ಇರಲಿ, ಬೇಸರ ಮಾಡಿಸಿದ್ದು ನಾನಲ್ಲವಾ.

ಡಿಸೆಂಬರ್ 14, ಶನಿವಾರ

ಒಪ್ಪತ್ತು. ಫೋನ್ ಇಲ್ಲ. ದೇವಸ್ಥಾನದಲ್ಲಿ ಏನು ಬೇಡುವುದೆಂದು ತಿಳಿಯದೆ ನಿಂತೆ. ಗಂಡನ ಪಟಕ್ಕೆ ಹಾರ ಹಾಕಿಸು ಎಂದು ಯಾವ ಹೆಂಗಸು ಬೇಡಿದ್ದಾಳೆ? ಕೈಮುಗಿದು, ನಿನಗೇ ಗೊತ್ತುಂಟು ಎಂದು ಬಂದೆ.

ಡಿಸೆಂಬರ್ 28, ಶನಿವಾರ

ಫೋನ್ ಇಲ್ಲ. ಇವರು ಏಳೂವರೆಗೆ ಟಿ.ವಿ. ಹಾಕಲು ಕೇಳಲಿಲ್ಲ. ನಾನೇ ಹಾಕಿ, ಒಬ್ಬಳೇ ಕೂತು ಗಡಿಯಾರ ನೋಡಿದೆ.

ಜನವರಿ 17, ಶುಕ್ರವಾರ

ಸಂಕಷ್ಟಿ, ಉಪವಾಸ. ಚಂದ್ರ ಹುಟ್ಟಿದ ಮೇಲೆ ಊಟ.

ಮಧ್ಯಾಹ್ನ ಪೋಸ್ಟಿನಲ್ಲಿ ಲಕೋಟೆ ಬಂತು, ಬ್ರಹ್ಮಾವರದಿಂದ. ಮುಂದಿನ ವಾರ ಧಾರಾವಾಹಿಯಲ್ಲಿ ಮೊಮ್ಮಗಳ ನಿಶ್ಚಿತಾರ್ಥ, ಅಜ್ಜಯ್ಯನ ಆಶೀರ್ವಾದ ಬೇಕು, ಪಟ ತಿರುಗಿ ಹಾಕುತ್ತಾರೆ. ಒಮ್ಮೆ ಹಾಕಿ ಒಮ್ಮೆ ತೆಗೆದದ್ದಕ್ಕೆ ಡೈರೆಕ್ಟರು ಮನೆಯವರ ಒಪ್ಪಿಗೆ ಬರಹದಲ್ಲೇ ಬೇಕು ಎಂದಿದ್ದಾರೆ. ಶನಿವಾರದ ಒಳಗೆ. ಜೊತೆಗೆ ಒಂದು ಹಾಳೆ. ಕಲಾವಿದರ ಹೆಸರು. ಒಪ್ಪಿಗೆ ಕೊಡುವವರ ಹೆಸರು. ಸಂಬಂಧ. ಸಹಿ.

ಇವರಿಗೆ ಓದಿ ಹೇಳಿದೆ. ಇವರು ಗಲ್ಲ ಸವರಿಕೊಂಡು "ಗಡ್ಡ" ಎಂದರು.

ಪಟಕ್ಕೆ ಗಡ್ಡ ತೆಗೆಯುವುದೆಂತಕ್ಕೆ ಎಂದು ಬಾಯಿಗೆ ಬಂದಿತ್ತು. ಸುಮ್ಮನೆ ನೀರು ಬಿಸಿ ಮಾಡಿದೆ.

ಜನವರಿ 18, ಶನಿವಾರ

ಒಪ್ಪತ್ತು. ಬೆಳಿಗ್ಗೆ ಮೊದಲ ಬಸ್ಸಿಗೆ ಹೆಮ್ಮಾಡಿಗೆ ಹೋಗಿ ಸೇವಂತಿಗೆ ತಂದೆ. ಗದ್ದೆಯಿಂದ ಆಗಷ್ಟೇ ಕೊಯ್ದದ್ದು. ಸಂಕ್ರಾಂತಿಗೆ ಬಿಟ್ಟರೆ ಬೇರೆ ದಿನ ಅಷ್ಟು ಹೂ ನಾನು ಒಟ್ಟಿಗೆ ತಂದವಳಲ್ಲ. ಜಗಲಿಯಲ್ಲಿ ಕೂತು ಬಾಳೆನಾರಿನಲ್ಲಿ ಕಟ್ಟಿದೆ. ಇವರು ಕುರ್ಚಿಯಲ್ಲಿ ಕೂತು ಎಡಗೈಯಲ್ಲಿ ಒಂದೊಂದೇ ಹೂ ಕೊಟ್ಟರು. ಅರ್ಧ ಆದ ಮೇಲೆ ನೋಡುತ್ತೇನೆ, ಕೊಡುತ್ತಿರುವುದು ಬಲಗೈ.

ಸುಂದರಿ ಗೇಟು ತೆಗೆದು ಸೀದಾ ಒಳಗೆ ಬಂದಳು.

"ಯಾರಿಗ್ ಜಲ್ಜಕ್ಕ, ಇಷ್ಟ್ ದೊಡ್ಡ ಹಾರ?"

"ಇವ್ರಿಗೆ" ಎಂದೆ.

ಅವಳು ಬುಟ್ಟಿ ಇಳಿಸಿ ಇವರನ್ನು ನೋಡಿದಳು, ನನ್ನನ್ನು ನೋಡಿದಳು. "ಹಂಗಾರೆ ಒಂದ್ ಎಳಿ ಜಾಸ್ತಿ ಕಟ್ಟಿ, ಪಟ ದೊಡ್ಡದಿತ್ತ್" ಎಂದಳು.

ಆಮೇಲೆ ಹಾಳೆ ತೆಗೆದೆ. ಒಪ್ಪಿಗೆ ಕೊಡುವವರ ಹೆಸರು, ಜಲಜ. ಸಂಬಂಧ, ಹೆಂಡತಿ. ಮೇಲಿನ ಗೆರೆ ಖಾಲಿ. ಶರಣ್ಯಾ ಬರುವುದು ಸಂಜೆ. ಅವಳಿಂದ ಬರೆಸಬಹುದಿತ್ತು. ಪೆನ್ನು ಹಿಡಿದು ಎಷ್ಟು ಹೊತ್ತು ಕೂತೆನೋ. ದೇವರ ಕೋಣೆ ಕಡೆ ನೋಡಿದೆ. ದಿನಾ ಸಾವಿರ ಸಲ ಹೆಸರು ಹೇಳಿಸಿಕೊಳ್ಳುವವನು ಅವನು, ಅವನ ಆಯುಷ್ಯ ಕಡಿಮೆಯಾಗಲಿಲ್ಲ.

ಬರೆದೆ. ಸೂರ ಮೊಗವೀರ, ಕೋಡಿ, ಕುಂದಾಪುರ.

ಅಕ್ಷರ ಸ್ವಲ್ಪ ಸೊಟ್ಟ ಆಯಿತು. ಇವರು ಬಗ್ಗಿ ನೋಡಿ, ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು.

ಹಾಳೆಯ ಹಿಂದೆ ಇಷ್ಟು ಬರೆದಿದ್ದೇನೆ. ಪಟ ಹಾಕಲು ನನ್ನ ಪೂರ್ತಿ ಒಪ್ಪಿಗೆ ಇದೆ. ಫೋಟೋ ಅದೇ ಇರಲಿ, ಅಂಚು ಇನ್ನು ಕತ್ತರಿಸಬೇಡಿ. ಮುಖದ ಮೇಲೆ ಲೈಟು ಬೀಳಲಿ. ಟೈಟಲಿನಲ್ಲಿ ಮೇಲೆ ಬರೆದ ಹೆಸರು ಹಾಕಿ, ಇತರರು ಎಂದು ಬೇಡ. ಪ್ಲಾಸ್ಟಿಕ್ ಹಾರ ತೆಗೆಯಿರಿ, ಇದರ ಜೊತೆ ನಾನು ಕಟ್ಟಿದ್ದು ಉಂಟು.

ಶರಣ್ಯಾಳಿಗೆ ಫೋನ್ ಮಾಡಿಯೂ ಹೇಳಿದೆ, ಅಕ್ಷಯ್‌ಗೆ ತಿಳಿಸು ಎಂದು. ಉತ್ತರ ಬರೆದಾಗಿದೆ. ಪೋಸ್ಟಿಗೆ ಹಾಕಿದರೆ ಹೂ ಬಾಡುತ್ತದೆ. ಇವತ್ತೇ ಯಾರಾದರೂ ಬಂದು ತೆಗೆದುಕೊಂಡು ಹೋಗಲಿ.